ನಾಯಿಮರಿಗೆ ಮನೆಯ ರೀತಿ ಕಲಿಸುವುದು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಮುಂಗಾರು ಹಿಡಿದ ಮೇಲೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಳೆಯ ನಾಯಿಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇ ತಿಂಗಳ ಕೊನೆಯಲ್ಲಿ ಲ್ಯಾಬ್ರಡಾರ್ ಮರಿಯೊಂದನ್ನು ತಂದೆವು. ಈಗ ಅದಕ್ಕೆ ಎರಡೂವರೆ ತಿಂಗಳು. ಮೊದಲ ವಾರ ಅಂಗಳಕ್ಕೆ ಹೋಗಿ ಮೂತ್ರ ಮಾಡುತ್ತಿತ್ತು. ಮಳೆ ಹಿಡಿದ ಮೇಲೆ ಹೊಸ್ತಿಲು ದಾಟುವುದೇ ಇಲ್ಲ, ನಡುಮನೆಯ ಕಾವಿ ನೆಲದ ಮೇಲೆಯೇ ಮಾಡುತ್ತದೆ. ನಮ್ಮ ತಂದೆಯವರು ಅದರ ಮೂತಿಯನ್ನು ಮೂತ್ರಕ್ಕೆ ತಿಕ್ಕಿ ಒಂದು ಏಟು ಕೊಡುತ್ತಾರೆ. ಹಿಂದಿನಿಂದಲೂ ಹೀಗೆಯೇ ಕಲಿಸಿದ್ದೇವೆ ಎನ್ನುತ್ತಾರೆ. ಇದು ಸರಿಯೇ?
(ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು)

ಉತ್ತರ: ಸರಿಯಲ್ಲ. ಮರಿ ಒಳಗೇ ಮಾಡುತ್ತಿರುವುದಕ್ಕೆ ಮಳೆಯಷ್ಟೇ ಆ ಏಟೂ ಕಾರಣವಾಗಿರಬಹುದು. ಐದು ನಿಮಿಷದ ಹಿಂದೆ ತಾನು ಮಾಡಿದ್ದಕ್ಕೂ ಈಗ ಬಿದ್ದ ಏಟಿಗೂ ಸಂಬಂಧವಿದೆಯೆಂದು ನಾಯಿಮರಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಒಂದೇ: ಮನುಷ್ಯರ ಕಣ್ಣೆದುರು ಮೂತ್ರ ಮಾಡಿದರೆ ಅಪಾಯ. ಹಾಗೆಂದು ಮನದಟ್ಟಾದ ಮರಿ ಮಂಚದ ಕೆಳಗೆ, ಅಕ್ಕಿ ಮೂಟೆಯ ಹಿಂದೆ ಜಾಗ ಹುಡುಕುತ್ತದೆ. ನೀವು ಹಗ್ಗ ಹಿಡಿದು ಹೊರಗೆ ನಿಂತರೆ ನೀವು ನೋಡುತ್ತಿದ್ದೀರೆಂಬ ಕಾರಣಕ್ಕೇ ತಡೆದುಕೊಂಡು, ಒಳಗೆ ಬಂದ ಕೂಡಲೇ ಮಾಡಿಬಿಡುತ್ತದೆ. ಬೇಕೆಂದೇ ಹೀಗೆ ಮಾಡುತ್ತದೆಂದು ಮನೆಯವರು ದೂರುವ ಮರಿಗಳಲ್ಲಿ ಬಹುಪಾಲು ಇಂಥ ಹೆದರಿದ ಮರಿಗಳೇ. ಏಟು ಬಿದ್ದ ಮೇಲೆ ಕಿವಿ ಮಡಿಚಿ ಮೈ ಕುಗ್ಗಿಸಿ ಕೂರುವುದನ್ನು ಹಿರಿಯರು ತಪ್ಪೊಪ್ಪಿಗೆಯೆಂದು ತಿಳಿಯುತ್ತಾರೆ. ಅದು ತಪ್ಪೊಪ್ಪಿಗೆಯಲ್ಲ, ಭಯ. ದಯವಿಟ್ಟು ಇಷ್ಟನ್ನು ತಮ್ಮ ತಂದೆಯವರಿಗೆ ಓದಿ ಹೇಳಿ.

ಇನ್ನು ಮಾಡಬೇಕಾದ ಕೆಲಸ. ಈ ವಯಸ್ಸಿನ ಮರಿ ಹಗಲಿನಲ್ಲಿ ಮೂತ್ರವನ್ನು ಹೆಚ್ಚೆಂದರೆ ಮೂರು ಗಂಟೆ ತಡೆಯಬಲ್ಲದು. ಆಟದ ಭರದಲ್ಲಿ ಅಷ್ಟೂ ಇಲ್ಲ. ಆದ್ದರಿಂದ ಎದ್ದ ಕೂಡಲೇ, ಊಟವಾದ ಹತ್ತು ಹದಿನೈದು ನಿಮಿಷದೊಳಗೆ, ಆಟ ಮುಗಿದೊಡನೆ ಮತ್ತು ಇವುಗಳ ನಡುವೆ ಎರಡು ಗಂಟೆಗೊಮ್ಮೆ ನೀವೇ ಹೊರಗೆ ಕರೆದೊಯ್ಯಬೇಕು. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು ನೆಲ ಮೂಸುತ್ತಾ ಸುತ್ತು ಹಾಕತೊಡಗಿದರೆ ಒಂದು ಕ್ಷಣವೂ ಕಾಯದೆ ಎತ್ತಿಕೊಂಡು ಹೋಗಿ.

ಮಲೆನಾಡಿನ ಜಡಿಮಳೆಯಲ್ಲಿ ಒಂದು ಮುಷ್ಟಿ ಗಾತ್ರದ ಜೀವಿಯನ್ನು ಅಂಗಳದ ನಡುವಿಗೆ ಬಿಟ್ಟರೆ ಅದು ಹಿಂದಿರುಗಿ ಓಡದೆ ಇನ್ನೇನು ಮಾಡೀತು? ಸೌದೆ ಕೊಟ್ಟಿಗೆಯ ಮೂಲೆಯೋ ಮಾಡಿನ ಸೂರಿನ ಕೆಳಗಿನ ಜಾಗವೋ, ನೀರು ಬೀಳದ ಒಂದು ಚೌಕವನ್ನು ಗೊತ್ತುಮಾಡಿ, ಒಣ ತರಗೆಲೆ ಹರಡಿ, ಮರಿಯ ಮೂತ್ರ ಒರೆಸಿದ ಬಟ್ಟೆಯ ತುಂಡೊಂದನ್ನು ಅಲ್ಲಿ ಇಡಿ. ಈ ವಯಸ್ಸಿನಲ್ಲಿ ಕಾಲಿನಡಿಗೆ ಯಾವ ನೆಲ ಸಿಕ್ಕಿತೋ ಅದೇ ನೆಲವನ್ನು ನಾಯಿ ಮುಂದೆಯೂ ಹುಡುಕುತ್ತದೆ. ನಯವಾದ ಕಾವಿ ನೆಲದ ರೂಢಿಯಾದರೆ ಬಿಡಿಸುವುದು ಕಷ್ಟ, ತರಗೆಲೆಯ ರೂಢಿಯಾದರೆ ಮಳೆಗಾಲ ಮುಗಿದ ಮೇಲೆ ಅಂಗಳಕ್ಕೆ, ತೋಟಕ್ಕೆ ಬದಲಿಸುವುದು ಸುಲಭ. ಕೊಡೆ ಹಿಡಿದು ನೀವೂ ಅಲ್ಲಿ ಸುಮ್ಮನೆ ನಿಲ್ಲಿ. ಅದು ಮಾಡಿ ಮುಗಿಸಿದ ಕ್ಷಣವೇ, ಅಲ್ಲಿಯೇ, ಮೆಲುದನಿಯಲ್ಲಿ ಮೆಚ್ಚಿ ತಿನಿಸು ಕೊಡಿ. ಒಳಗೆ ಬಂದು ಡಬ್ಬಿ ತೆರೆದು ಕೊಟ್ಟ ತಿನಿಸು ಒಳಗೆ ಬಂದದ್ದಕ್ಕೆ ಕೊಟ್ಟ ಬಹುಮಾನವಾಗುತ್ತದೆ. ಬಿಸಿಲಿನ ದಿನಗಳಲ್ಲಾದರೆ ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಹೊರಗೇ ಆಡಿಸಬೇಕು, ಇಲ್ಲವಾದರೆ ಮೂತ್ರ ಮಾಡಿದರೆ ಸುತ್ತಾಟ ಮುಗಿಯುತ್ತದೆಂದು ತಿಳಿದು ಅದು ತಡೆಹಿಡಿಯುತ್ತದೆ. ಮಳೆಯಲ್ಲಿ ಇದು ತಿರುವುಮುರುವು: ಒಡನೆಯೇ ಒಳಗೆ ಕರೆತಂದು ಒರೆಸುವುದೇ ಅದಕ್ಕೆ ದೊಡ್ಡ ಬಹುಮಾನ.

ಒಳಗೆ ಮಾಡಿಬಿಟ್ಟ ಜಾಗದ ವಾಸನೆ ಫಿನಾಯಿಲಿನಿಂದ ನಮ್ಮ ಮೂಗಿಗೆ ಅಡಗುತ್ತದೆಯೇ ಹೊರತು ಮರಿಯ ಮೂಗಿಗಲ್ಲ. ಕಿಣ್ವವಿರುವ ಬಟ್ಟೆ ಒಗೆಯುವ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಸ್ವಲ್ಪ ಹೊತ್ತು ನೆಲದ ಮೇಲೆ ಬಿಟ್ಟು, ತೊಳೆದು ಪೂರ್ತಿ ಒಣಗಿಸಿ. ವಿನೆಗರ್ ಬಳಸಲು ಕೆಲವರು ಹೇಳುತ್ತಾರೆ. ಕಾವಿ ನೆಲಕ್ಕೆ ಹುಳಿ ತಾಗಿದರೆ ಹೊಳಪು ಹೋಗುತ್ತದೆ, ಆದ್ದರಿಂದ ನಿಮ್ಮ ಮನೆಗೆ ಅದು ಬೇಡ. ಇಷ್ಟೆಲ್ಲ ಮಾಡಿಯೂ ಮರಿ ಗಳಿಗೆಗೊಮ್ಮೆ ಹನಿಹನಿಯಾಗಿ ಮಾಡುತ್ತಿದ್ದರೆ ಅದು ಮೂತ್ರಕೋಶದ ಸೋಂಕಿರಬಹುದು. ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.

ಪ್ರಶ್ನೆ: ನಾಲ್ಕು ತಿಂಗಳ ಹೆಣ್ಣು ಮರಿ ನಮ್ಮ ಇಬ್ಬರು ಮಕ್ಕಳ ಕೈ, ಕಾಲು, ಫ್ರಾಕಿನ ಅಂಚು ಹಿಡಿದು ಕಚ್ಚಿ ಎಳೆಯುತ್ತದೆ. ಬಿಡಿಸಹೋದರೆ ಗುರುಗುಟ್ಟುತ್ತದೆ. ಐದನೇ ವಾರದಲ್ಲೇ ತಾಯಿಯಿಂದ ಬಿಡಿಸಿ ತಂದ ಮರಿ. ಮುಂದೆ ಕಚ್ಚುವ ನಾಯಿಯಾದೀತೆಂಬ ಭಯವಿದೆ.
(ಗೃಹಿಣಿಯೊಬ್ಬರು, ಹಾಸನ)

ಉತ್ತರ: ಐದನೇ ವಾರದಲ್ಲಿ ತಂದದ್ದೇ ಇಲ್ಲಿ ಮುಖ್ಯ ಸಂಗತಿ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ ಹಲ್ಲು ಜೋರಾಗಿ ತಾಗಿದರೆ ಕಚ್ಚಿಸಿಕೊಂಡದ್ದು ಕುಂಯ್‌ಗುಟ್ಟಿ ಆಟ ನಿಲ್ಲಿಸುತ್ತದೆ. ಎಷ್ಟು ಬಲವಾಗಿ ಕಚ್ಚಿದರೆ ಜೊತೆಗಾರನನ್ನು ಕಳೆದುಕೊಳ್ಳುತ್ತೇನೆಂಬ ಲೆಕ್ಕವನ್ನು ಮರಿ ಕಲಿಯುವುದು ಹೀಗೆ, ಅದೂ ಎಂಟನೇ ವಾರದವರೆಗಿನ ಒಡಹುಟ್ಟಿದವರ ಆಟದಲ್ಲಿ. ನಿಮ್ಮ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿದೆ. ಅದನ್ನು ಈಗ ಮನೆಯವರು ಪೂರ್ತಿಮಾಡಬೇಕು. ಇದರ ಜೊತೆಗೆ ನಾಲ್ಕನೇ ತಿಂಗಳ ಹೊತ್ತಿಗೆ 28 ಹಾಲುಹಲ್ಲುಗಳು ಬೀಳತೊಡಗಿ, ಆರೇಳು ತಿಂಗಳೊಳಗೆ 42 ಹಲ್ಲುಗಳ ಪೂರ್ಣ ದವಡೆಯಾಗುವುದರಿಂದ ವಸಡು ಸದಾ ನವೆಯುತ್ತಿರುತ್ತದೆ.

ಮಕ್ಕಳು ಕಿರುಚಿ ಓಡಿದರೆ ಮರಿಯ ಪಾಲಿಗೆ ಅದಕ್ಕಿಂತ ಸೊಗಸಾದ ಆಟವಿಲ್ಲ. ಆದ್ದರಿಂದ ಮಕ್ಕಳಿಗೆ ಮೊದಲು ಕಲಿಸಿ: ಹಲ್ಲು ತಾಗಿದೊಡನೆ ಕೈ ಕಟ್ಟಿ, ಮುಖ ತಿರುಗಿಸಿ, ಮರದಂತೆ ನಿಲ್ಲಬೇಕು. ಹತ್ತು ಎಣಿಸುವಷ್ಟು ಹೊತ್ತು ಮಾತೂ ಬೇಡ, ನೋಟವೂ ಬೇಡ. ಬಿಟ್ಟ ಮೇಲೆ ಆಟ ಮತ್ತೆ ಶುರುವಾಗಲಿ. ಕಚ್ಚಲು ಹಕ್ಕಿರುವ ವಸ್ತುವೊಂದು ಅದಕ್ಕೆ ಬೇಕು: ಹಳೆಯ ಟವೆಲಿನ ತುಂಡನ್ನು ಗಂಟು ಹಾಕಿ, ನೆನೆಸಿ, ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಕೊಟ್ಟರೆ ವಸಡಿಗೆ ತಂಪು. ದೊಡ್ಡವರು ಅಂಗೈಯನ್ನೇ ಆಟಿಕೆ ಮಾಡಿ ಮರಿಯನ್ನು ಕೆಣಕುವುದು ಇವತ್ತಿನಿಂದಲೇ ನಿಲ್ಲಬೇಕು. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಗುರುಗುಡುವುದು ಎಚ್ಚರಿಕೆ, ಆ ಎಚ್ಚರಿಕೆಯನ್ನು ಹೊಡೆದು ಅಡಗಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚುವ ನಾಯಿಯಾಗುತ್ತದೆ. ಎಷ್ಟೇ ಸಾಧುವಾಗಿದ್ದರೂ ಚಿಕ್ಕ ಮಕ್ಕಳನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ.

ಒಂದು ಮಾತನ್ನು ಬಿಡುವಂತಿಲ್ಲ. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಆಗಿರಲೇಬೇಕು. ಆಗಿದ್ದರೂ, ಮಗುವಿನ ಚರ್ಮದ ಮೇಲೆ ಹಲ್ಲು ತರಚಿ ರಕ್ತ ಕಂಡರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಿ. ಅರಿಸಿನ, ಕಾಫಿಪುಡಿ, ಸುಣ್ಣ ಯಾವುದನ್ನೂ ಹಚ್ಚಬೇಡಿ.

ಪ್ರಶ್ನೆ: ನಾಯಿಗೆ ಕನ್ನಡದಲ್ಲಿ ಕಲಿಸಬಹುದೇ, ಅಥವಾ ಇಂಗ್ಲಿಷ್ ಮಾತೇ ಬೇಕೇ? ನಮ್ಮದು ಆರು ತಿಂಗಳಿನದು, ಯಾರ ಮಾತನ್ನೂ ಕೇಳುವುದಿಲ್ಲ. ನೆಂಟರು ಬಂದರೆ ಎದೆಯ ಮೇಲೆ ಹಾರುತ್ತದೆ. ಮೊನ್ನೆ ನಮ್ಮ ಅಜ್ಜಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.
(ವಿದ್ಯಾರ್ಥಿನಿ, ಅರಸೀಕೆರೆ)

ಉತ್ತರ: ಕನ್ನಡವೇ ಸಾಕು, ಆದರೆ ಮನೆಯವರೆಲ್ಲರದೂ ಒಂದೇ ಕನ್ನಡವಾಗಿರಬೇಕು. ಅಪ್ಪ ‘ಕೂರು’ ಎಂದು, ಅಮ್ಮ ‘ಕೂತ್ಕೊಳೋ’ ಎಂದು, ತಮ್ಮ ‘ಸಿಟ್’ ಎಂದು, ಅಜ್ಜಿ ‘ಸುಮ್ನೆ ಕುಕ್ಕರಬಡಿ’ ಎಂದು ಹೇಳಿದರೆ ನಾಯಿಯ ಕಿವಿಗೆ ಅವು ನಾಲ್ಕು ಬೇರೆ ಬೇರೆ ಸದ್ದುಗಳು. ಮಾತುಗಳನ್ನು ಆರಿಸುವಾಗ ಒಂದು ಎಚ್ಚರ ಬೇಕು: ನಮ್ಮ ‘ಬಾ’, ‘ಬಿಡು’, ‘ಬೇಡ’ ಮೂರೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಮರಿ ಗೊಂದಲಪಡುತ್ತದೆ. ‘ಬಾ’ ಎಂಬುದನ್ನು ಕರೆಯುವುದಕ್ಕೆ ಮೀಸಲಿಟ್ಟು, ಬಾಯಲ್ಲಿರುವುದನ್ನು ಬಿಡಿಸಲು ‘ಕೊಡು’ ಎಂದೂ, ತಡೆಯಲು ‘ನಿಲ್ಲು’ ಎಂದೂ ಗೊತ್ತುಮಾಡಿಕೊಳ್ಳಿ. ಈ ಪಟ್ಟಿಯನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ.

‘ಕೂರು’ ಕಲಿಸುವಾಗ ಸೊಂಟ ಒತ್ತಿ ಕೂರಿಸಬೇಡಿ. ಕಡಲೆಬೀಜದಷ್ಟು ಬೇಯಿಸಿದ ಮೊಟ್ಟೆಯ ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ನೆತ್ತಿಯ ಕಡೆಗೆ ಒಯ್ಯಿರಿ. ಮೂತಿ ಮೇಲೆದ್ದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಅಂಡು ನೆಲ ಮುಟ್ಟಿದ ಆ ಕ್ಷಣದಲ್ಲಿ ಚೂರು ಬಾಯಿಗೆ ಬೀಳಬೇಕು. ಮೂರು ಸೆಕೆಂಡು ತಡವಾದರೆ ಅಷ್ಟರಲ್ಲಿ ಅದು ಎದ್ದಿರುತ್ತದೆ, ನೀವು ಎದ್ದದ್ದಕ್ಕೆ ಕೊಟ್ಟಂತಾಗುತ್ತದೆ. ಹತ್ತಿಪ್ಪತ್ತು ಸಲ ಹೀಗಾದ ಮೇಲೆ ಕೈಸನ್ನೆಗೆ ಮೊದಲು ‘ಕೂರು’ ಎಂಬ ಮಾತನ್ನು ಒಂದೇ ಒಂದು ಸಲ ಸೇರಿಸಿ. ಒಂದು ಹೊತ್ತಿಗೆ ಐದು ನಿಮಿಷ, ದಿನಕ್ಕೆ ಮೂರು ಹೊತ್ತು ಸಾಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಅನ್ನ, ದ್ರಾಕ್ಷಿ, ಚಾಕೊಲೇಟ್ ಇವು ತಿನಿಸಾಗಿ ಕೂಡದು.

ನೆಂಟರ ಮೇಲೆ ಹಾರುವುದು ಮುಖ ನೆಕ್ಕಲು, ಪ್ರೀತಿಯಿಂದ. ಕೈಯಿಂದ ತಳ್ಳುವುದು, ‘ಏಯ್’ ಎಂದು ಕೂಗುವುದು ಎರಡೂ ಅದಕ್ಕೆ ಸಿಕ್ಕ ಉಪಚಾರವೇ. ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮೈದಡವಬೇಕೆಂದು ಬರುವವರಿಗೆ ಗೇಟಿನಲ್ಲೇ ಹೇಳಿ. ಅಜ್ಜಿಯವರ ವಿಷಯದಲ್ಲಿ ಪ್ರಯೋಗ ಬೇಡ. ಎರಡು ತಿಂಗಳು ಅವರು ನಡೆದಾಡುವ ಹೊತ್ತಿನಲ್ಲಿ ನಾಯಿ ಹಗ್ಗದಲ್ಲಿರಲಿ, ಹಗ್ಗ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದರೆ ಒಳ್ಳೆಯ ಕಾವಲು ನಾಯಿಯಾಗುತ್ತದೆ ಎನ್ನುತ್ತಾರೆ. ನಿಜವೇ?
(ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ಇಲ್ಲ. ಕಟ್ಟಿದ ನಾಯಿ ಹೆದರಿಕೆಯಿಂದ, ಬೇಸರದಿಂದ ಕಂಡಕಂಡದ್ದಕ್ಕೆಲ್ಲ ಬೊಗಳುತ್ತದೆ. ಹಾಲಿನವನಿಗೂ ಕಳ್ಳನಿಗೂ ವ್ಯತ್ಯಾಸ ಅರಿಯದ ನಾಯಿ ಕಾವಲಿಗೆ ಬಾರದು. ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ವಿಧಿಯಡಿ ಅಪರಾಧವೂ ಹೌದು.

ಪ್ರಶ್ನೆ: ನಮ್ಮದು ಕಾಫಿ ತೋಟದ ಮನೆ. ಹತ್ತು ತಿಂಗಳ ಗಂಡು ನಾಯಿ ಚಿಕ್ಕದಿದ್ದಾಗ ಕರೆದರೆ ಬರುತ್ತಿತ್ತು, ಈಗ ದನ ಅಟ್ಟುತ್ತದೆ, ಕಾಡಂಚಿಗೆ ಹೋಗುತ್ತದೆ, ಎಷ್ಟು ಕೂಗಿದರೂ ಬರುವುದಿಲ್ಲ. ನಮ್ಮ ಕಡೆ ಆನೆ ಓಡಾಟ ಬೇರೆ ಇದೆ.
(ಬೆಳೆಗಾರರೊಬ್ಬರು, ಸಕಲೇಶಪುರ ತಾಲ್ಲೂಕು)

ಉತ್ತರ: ಕರೆದಾಗ ಬರುವುದು ತೋಟದ ನಾಯಿಗೆ ಜೀವನ್ಮರಣದ ಪಾಠ. ಬಿಡಿಯಾಗಿ ಅಲೆಯುವ ನಾಯಿ ಆನೆಯನ್ನು ಕಂಡರೆ ಬೊಗಳಿ ಕೆಣಕುತ್ತದೆ. ಆನೆ ತಿರುಗಿ ಬಿದ್ದಾಗ ರಕ್ಷಣೆಗೆ ಓಡುವುದು ಯಜಮಾನನ ಬಳಿಗೇ, ಹಿಂದೆ ಆನೆಯೂ ಬರುತ್ತದೆ. ಆನೆ ಇದೆಯೆಂಬ ಸುದ್ದಿ ಬಂದ ದಿನ ನಾಯಿಯನ್ನು ಜೊತೆಗೆ ಕರೆದುಕೊಂಡು ತೋಟಕ್ಕೆ ಇಳಿಯಲೇಬೇಡಿ. ಚಿರತೆಯ ಕಾರಣಕ್ಕೆ ರಾತ್ರಿ ಅದು ಮನೆಯೊಳಗೇ ಮಲಗಬೇಕು, ಜಗಲಿಯಲ್ಲಿ ಅಲ್ಲ.

ಅದು ಏಕೆ ಬರುತ್ತಿಲ್ಲ ಎಂಬುದಕ್ಕೆ ಆಲ್ದೂರಿನ ಬಳಿಯ ತೋಟವೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕಣದ ಅಂಚಿನಲ್ಲಿ ನಿಂತ ಯಜಮಾನರು ನಾಯಿಯನ್ನು ಕೂಗಿದರು. ಅದು ಸಿಲ್ವರ್ ಓಕ್ ಸಾಲಿನ ಕೆಳಗಿನಿಂದ ಬಾಲ ಆಡಿಸುತ್ತಾ ಓಡಿಬಂತು. ಇಪ್ಪತ್ತು ಹೆಜ್ಜೆ ಉಳಿದಾಗ ನಿಂತು, ಅವರ ಮುಖವನ್ನಲ್ಲ, ಬೆನ್ನ ಹಿಂದೆ ಇಟ್ಟುಕೊಂಡಿದ್ದ ಬಲಗೈಯನ್ನು ನೋಡಿತು. ಆ ಕೈಯಲ್ಲಿ ಸರಪಳಿಯಿತ್ತು. ನಾಯಿ ಕೂತಿತು, ಆಕಳಿಸಿತು, ತಿರುಗಿ ಹೋಯಿತು. ಅವರು ದಿನಕ್ಕೆ ಒಂದೇ ಸಲ, ಸಂಜೆ ಕಟ್ಟುವುದಕ್ಕೆ ಮಾತ್ರ, ಅದನ್ನು ಕರೆಯುತ್ತಿದ್ದರು. ‘ಬಾ’ ಎಂದರೆ ಸ್ವಾತಂತ್ರ್ಯ ಮುಗಿಯಿತು ಎಂದೇ ಅದು ಅರ್ಥಮಾಡಿಕೊಂಡಿತ್ತು, ಮತ್ತು ಸರಿಯಾಗಿಯೇ ಅರ್ಥಮಾಡಿಕೊಂಡಿತ್ತು.

ನಿಮ್ಮ ನಾಯಿಯ ಹರೆಯವೂ ಇದಕ್ಕೆ ಸೇರಿದೆ; ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಕಲಿತದ್ದೂ ಮರೆತಂತಿರುತ್ತದೆ. ಹಳೆಯ ಕರೆ ಕೆಟ್ಟಿದ್ದರೆ ಅದನ್ನು ಬಿಟ್ಟು ಒಂದು ಹೊಸ ಸದ್ದು, ಒಂದು ಸಿಳ್ಳೆಯಾದರೂ ಸರಿ, ಆರಿಸಿಕೊಳ್ಳಿ. ಮೊದಲ ವಾರ ಮನೆಯೊಳಗೆ ಇಬ್ಬರು ಎದುರುಬದುರು ಕೂತು ಸರದಿಯಂತೆ ಕರೆದು, ಬಂದಾಗಲೆಲ್ಲ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ ಈಲಿಯ ಚೂರು ಕೊಡಿ. ಎರಡನೆಯ ವಾರದಿಂದ ಅಂಗಳದಲ್ಲಿ, ಹತ್ತು ಮೀಟರ್ ಹಗ್ಗ ಕಟ್ಟಿ ಅದೇ ಆಟ. ಬರದಿದ್ದರೆ ಎರಡನೇ ಸಲ ಕೂಗದೆ ಹಗ್ಗವನ್ನು ಮೆಲ್ಲಗೆ ಸುತ್ತಿಕೊಳ್ಳುತ್ತಾ ಬನ್ನಿ. ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು, ಕೊರಳು ಸವರಿ, ಮತ್ತೆ ಆಡಲು ಬಿಟ್ಟುಬಿಡಬೇಕು. ಎಷ್ಟು ತಡವಾಗಿ ಬಂದರೂ, ದನ ಅಟ್ಟಿ ಬಂದರೂ, ಬಂದ ನಾಯಿಗೆ ಗದರಬೇಡಿ. ಗದರಿಸಿಕೊಂಡದ್ದು ಬಂದದ್ದಕ್ಕೆ ಎಂದೇ ಅದು ತಿಳಿಯುತ್ತದೆ. ಸ್ನಾನ ಮಾಡಿಸಲು, ಉಣ್ಣೆ ಕೀಳಲು, ಕಟ್ಟಲು ಬೇಕಾದಾಗ ಕರೆಯದೆ ನೀವೇ ಹತ್ತಿರ ಹೋಗಿ ಹಿಡಿಯಿರಿ. ದನದ ಕೊಟ್ಟಿಗೆಯ ಬಳಿ ಮೂರು ತಿಂಗಳಾದರೂ ಹಗ್ಗ ಬಿಚ್ಚುವುದು ಬೇಡ.

ಹಾಗೆಯೇ ಕೊಯ್ಲು ಶುರುವಾಗುವುದರೊಳಗೆ, ಎಂದರೆ ಅರೇಬಿಕಾ ಹಣ್ಣು ಕಣಕ್ಕೆ ಬರುವ ನವೆಂಬರಿನ ಒಳಗೆ, ‘ಕೊಡು’ ಎಂಬುದನ್ನೂ ಗಟ್ಟಿಯಾಗಿ ಕಲಿಸಿಡಿ. ಕಾಫಿ ಬೀಜದಲ್ಲಿರುವ ಕೆಫೀನ್ ನಾಯಿಗೆ ವಿಷ. ಕಣದಲ್ಲಿ ಹರಡಿದ ಹಣ್ಣು ತಿಂದ ನಾಯಿ ವಾಂತಿ ಮಾಡಿ, ಏದುಸಿರು ಬಿಡುತ್ತಾ ನಿಂತಲ್ಲಿ ನಿಲ್ಲದೆ ಚಡಪಡಿಸಿದರೆ ಮಜ್ಜಿಗೆ ಕುಡಿಸುತ್ತಾ ಕಾಯದೆ ವಾಹನ ಹತ್ತಿಸಿ ಪಶುವೈದ್ಯರಲ್ಲಿಗೆ ಕರೆತನ್ನಿ. ಸಕಲೇಶಪುರದಲ್ಲಿ ಆಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತೋರಿಸಿ, ಹೊರಡುವಾಗ ಅದು ಎಷ್ಟು ತಿಂದಿರಬಹುದು, ಯಾವಾಗ ತಿಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.