ಇನ್ಸುಲಿನ್ ಗಿಡಕ್ಕೆ ಗೊಬ್ಬರ ಕೇಳಿದ ತಮ್ಮನಿಗೆ: ಮೊದಲು ಆ ಬೆವರಿನ ವಿಷಯ

ತಮ್ಮ, ನೀನು ಕೇಳಿರೋದು ಇನ್ಸುಲಿನ್ ಗಿಡದ (ಶುಗರ್ ಇಳಿಯಲಿ ಅಂತ ಜನ ಎಲೆ ತಿನ್ನೋ ಗಿಡ) ಎಲೆ ಅಂಚು ಯಾಕೆ ಸುಡ್ತಿದೆ, ಎಲೆ ಜಾಸ್ತಿ ಬರೋಕೆ ಏನು ಗೊಬ್ಬರ ಅಂತ. ಅದಕ್ಕೆ ಕೊನೇಲಿ ಬರ್ತೀನಿ. ಮಧ್ಯೆ ಒಂದು ಸಾಲು ಬರೆದಿದ್ದೀಯಲ್ಲ, "ಅವ್ವಂಗೆ ದಿನಾ ನಾಲ್ಕು ಎಲೆ, ಜೊತೆಗೆ ಅರ್ಧ ಲೋಟ ಹಾಗಲಕಾಯಿ ರಸ, ಫಾಸ್ಟಿಂಗ್ ಶುಗರ್ 84ಕ್ಕೆ ಇಳೀತು, ಬೆಳಗಿನ ಜಾವ ಮೈ ಬೆವರ್ತದೆ, ಕೆಟ್ಟದ್ದೆಲ್ಲ ಹೊರಗೆ ಹೋಗ್ತಿರಬೇಕು" ಅಂತ, ಅದನ್ನ ಓದ್ತಾ ಓದ್ತಾ ನನ್ನ ಒಲೆ ಮೇಲಿನ ಹಾಲು ಉಕ್ಕಿಹೋಯ್ತು. ನಿನ್ನ ಪೋಸ್ಟಿಗೆ ಇಷ್ಟು ಜನ ಕೈ ಮುಗಿಯೋ ಗುರುತು ಹಾಕಿದ್ದಾರೆ. ಬೆವರು ಯಾಕೆ ಅಂತ ಒಬ್ಬರೂ ಕೇಳಿಲ್ಲ.

ನಿನ್ನ ಫೋಟೋದಲ್ಲಿ ಕುಂಡದ ಪಕ್ಕ ಮಾತ್ರೆ ಸ್ಟ್ರಿಪ್ ಬಿದ್ದಿದೆ. ದೊಡ್ಡದು ಮಾಡಿ ನೋಡಿದೆ, ಗ್ಲೈಕೋಮೆಟ್ ಜಿಪಿ 2. ಅದರಲ್ಲಿ ಎರಡು ಔಷಧಿ ಇದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ರೆ ನಾನು ಇಷ್ಟು ಗಾಬರಿ ಬೀಳ್ತಿರಲಿಲ್ಲ, ಅದೊಂದೇ ಶುಗರನ್ನ ತೀರಾ ಕೆಳಗೆ ಬೀಳಿಸೋದು ಕಮ್ಮಿ. ಜಿಪಿ ಅಂದ್ರೆ ಗ್ಲಿಮಿಪಿರೈಡ್, 2 ಮಿಲಿಗ್ರಾಂ. ಅದು ಮೇದೋಜೀರಕ ಗ್ರಂಥಿಯನ್ನ ತಿವಿದು ತಿವಿದು ಇನ್ಸುಲಿನ್ ಬಿಡಿಸೋ ಔಷಧಿ. ಅವ್ವ ಉಂಡಿದ್ದಾರೋ ಇಲ್ಲವೋ ಅಂತ ಅದು ಕೇಳಲ್ಲ. ಹೆಚ್ಚುಕಮ್ಮಿ ಇಡೀ ದಿನ ಕೆಲಸ ಮಾಡುತ್ತೆ, ವಯಸ್ಸಾಗಿ ಕಿಡ್ನಿ ಸೋತಿದ್ರೆ ಇನ್ನೂ ಹೊತ್ತು ಮೈಯಲ್ಲಿ ಕೂತಿರುತ್ತೆ. ಅದರ ಮೇಲೆ ನೀನು ಎಲೆ, ಅದರ ಮೇಲೆ ಹಾಗಲ ರಸ. ಜಾವದಲ್ಲಿ ಬರೋ ಬೆವರು ಕೆಟ್ಟದ್ದು ಹೊರಗೆ ಹೋಗೋದಲ್ಲ ಕಣಪ್ಪ, ಸಕ್ಕರೆ ಬಿದ್ದಾಗ ಮೈ ಹೊಡೆಯೋ ಗಂಟೆ ಅದು.

ಇವತ್ತು ಎಲೆ, ರಸ ಎರಡೂ ನಿಲ್ಲಿಸು. ಮುಂದಿನ ಮಾತ್ರೆ ಕೊಡೋಕೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಈ ಬೆವರಿನ ವಿಷಯ ಹೇಳು. ಮಾತ್ರೆ ಅರ್ಧ ಮಾಡೋದು, ಬಿಡೋದು ನೀನೇ ತೀರ್ಮಾನ ಮಾಡಬೇಡ. ರಾತ್ರಿ 3 ಗಂಟೆಗೆ ಅಲಾರಂ ಇಟ್ಟು ಎಬ್ಬಿಸಿ ಒಂದು ರೀಡಿಂಗ್ ತಗೊ. 70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹುಯ್ಯಬೇಡ, ನೆತ್ತಿಗೆ ಹತ್ತುತ್ತೆ, 108ಕ್ಕೆ ಫೋನ್ ಮಾಡು.

ಇಷ್ಟು ಬಿರುಸಾಗಿ ಹೇಳೋಕೆ ಕಾರಣ, ನಾನು ಇದೇ ಕೆಲಸ ಮಾಡಿ ನಮ್ಮ ಮಾವನವರನ್ನ ಕಳ್ಕೊಳ್ಳೋದ್ರಲ್ಲಿದ್ದೆ.

ಆಗ ನಮ್ಮದು ಪಾಂಡವಪುರದ ಕಡೆ ಆಲೆಮನೆ ಇತ್ತು. ಮಾವನಿಗೂ ಇದೇ ಜಾತಿ ಮಾತ್ರೆ. ನಾನೇ ಇನ್ಸುಲಿನ್ ಗಿಡದ ತುಂಡು ತಂದು ನೆಟ್ಟು, ನಾನೇ ದಿನಾ ಎಲೆ ಕಿತ್ತು ಕೊಡ್ತಿದ್ದೆ. ಹಾಗಲ ರಸ ನನ್ನದೇ ಕಂಡುಹಿಡಿತ. ಶುಗರ್ ಇಳೀತಾ ಇಳೀತಾ ಬಂದಾಗ ಬೀದಿಯವರಿಗೆಲ್ಲ ಹೇಳ್ಕೊಂಡು ತಿರುಗಿದ್ದೂ ನಾನೇ. ವೈಕುಂಠ ಏಕಾದಶಿ ದಿನ ಮಾವ ಉಪವಾಸ. ಮಾತ್ರೆ ತಪ್ಪಿಸಬಾರದು ಅಂತ ನುಂಗಿದ್ರು, ರಸ ಕುಡಿದ್ರು, ಊಟ ಮಾತ್ರ ಇಲ್ಲ. ಹತ್ತೂವರೆ ಹೊತ್ತಿಗೆ ಆಲೆಮನೇಲಿ ಕೊಪ್ಪರಿಗೆ ಪಕ್ಕ ಕೂತವರು ಪಾಕ ತೆಗೆಯೋ ಆಳನ್ನ ಸುಮ್ಮಸುಮ್ಮನೆ ಬಯ್ಯೋಕೆ ಶುರು ಮಾಡಿದ್ರಂತೆ. ಯಾರಿಗೂ ಎತ್ತರದ ದನೀಲಿ ಮಾತಾಡಿದ ಮನುಷ್ಯ ಅಲ್ಲ. ಮಾತು ತೊದಲ್ತಿತ್ತು. ಧನುರ್ಮಾಸದ ಚಳಿ, ಮಿಕ್ಕವರು ಟವಲ್ ಹೊದ್ದಿದ್ರೆ ಇವರ ಬನಿಯನ್ ಹಿಂಡಿದ್ರೆ ನೀರು. ಒಬ್ಬ ಕುಡಿದವ್ರೆ ಅಂದ, ಇನ್ನೊಬ್ಬ ಗಾಳಿ ಸೋಕದೆ, ನಿಂಬೆಹಣ್ಣು ಇಳಿತೆಗೀರಿ ಅಂದ.

ಮನೇಲಿ ಶುಗರ್ ಮೀಟರ್ ಇದ್ದದ್ದು ಪುಣ್ಯ. ಓಡಿಹೋಗಿ ಚುಚ್ಚಿ ನೋಡಿದ್ರೆ 38. ನುಂಗೋ ಶಕ್ತಿ ಇನ್ನೂ ಇತ್ತು, ಅಲ್ಲೇ ಇದ್ದ ಜೋನಿ ಬೆಲ್ಲ ನೀರಿಗೆ ಕದಡಿ ಕುಡಿಸಿದ್ವಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿದ್ರೆ 210! ಎಲ್ಲರೂ ನಕ್ಕಿದ್ದೇ ನಕ್ಕಿದ್ದು. "ಸಾಕು ಬಿಡಮ್ಮ, ಈಗ ಜಾಸ್ತಿ ಆಯ್ತು" ಅಂದ್ರು. ಹಾಗಂತ ಏನೂ ತಿನ್ನಿಸದೆ ಮಲಗಿಸಿದ್ವಿ. ಆ 210 ಮಾವನ ರಕ್ತದ್ದಲ್ಲ, ಅವರ ಬೆರಳಿಗೆ ಅಂಟಿದ್ದ ಬೆಲ್ಲದ್ದು ಅಂತ ಗೊತ್ತಾಗಿದ್ದು ಸಾಯಂಕಾಲ 4 ಗಂಟೆಗೆ, ಎಬ್ಬಿಸಿದ್ರೂ ಏಳದೆ ಹೋದಾಗ. ಬೆರಳು ತೊಳೆದು ನೋಡಿದ್ರೆ 41. ಬೆಲ್ಲದ ನೀರು ಯಾವತ್ತೋ ಮುಗಿದಿತ್ತು, ಗ್ಲಿಮಿಪಿರೈಡ್ ಮುಗಿದಿರಲಿಲ್ಲ. ಬೆರಳಿನ ಮಾತು ನೆನಪಿಟ್ಕೊ, ಹಣ್ಣು ಹೆಚ್ಚಿದ ಕೈ, ಬೆಲ್ಲ ಮುಟ್ಟಿದ ಕೈ ಸೋಪು ಹಾಕಿ ತೊಳೆದು ಒರೆಸಿದ ಮೇಲೇ ಚುಚ್ಚಬೇಕು.

ಮಂಡ್ಯದ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಏರಿಸಿದ್ರು. ಡಾಕ್ಟರು ಕೇಳಿದ ಮೊದಲನೇ ಮಾತು, "ಮಾತ್ರೆ ಬಿಟ್ಟು ಬೇರೆ ಏನು ಕೊಡ್ತೀರಿ?" ನಮ್ಮ ಮನೆಯವರು "ಏನಿಲ್ಲ ಸಾರ್" ಅಂದ್ರು. ಅವರ ಲೆಕ್ಕದಲ್ಲಿ ಸುಳ್ಳಲ್ಲ. ಸೊಪ್ಪು, ಕಾಯಿ ಔಷಧಿ ಹೇಗಾಗುತ್ತೆ? ನಾನು ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಬೈತಾರೆ ಅಂತ ಭಯ. ಕೊನೆಗೆ ನರ್ಸಮ್ಮ ಒಬ್ಬರು ಪಕ್ಕಕ್ಕೆ ಕರೆದು ಅಡುಗೆಮನೆ ವಿಚಾರ ಕೇಳೋ ಹಾಗೆ ಕೇಳಿ ಹೊರಗೆ ತೆಗೆದ್ರು. ಮಾರನೇ ದಿನ ಸಂಜೆವರೆಗೂ ಬಿಡಲಿಲ್ಲ. ಒಂದು ಸಲ ಸರಿಹೋದ ಶುಗರ್ ಈ ಮಾತ್ರೆ ತಗೊಳ್ಳೋರಲ್ಲಿ ಮತ್ತೆ ಬೀಳಬಹುದು ಅಂತ. ನೀನೂ ಬೆಳಿಗ್ಗೆ ಸರಿಹೋಯ್ತು ಅಂತ ಸುಮ್ಮನಾಗಬೇಡ.

ಕೆಳಗಡೆ ಕಾಮೆಂಟಲ್ಲಿ "ಎಲೆ ಗಿಲೆಯಿಂದ ಏನೂ ಆಗಲ್ಲ, ಎಲ್ಲ ಬುರುಡೆ" ಅಂತ ಒಬ್ಬರು, "ಇಂಗ್ಲಿಷ್ ಮಾತ್ರೆ ವಿಷ, ನಮ್ಮ ಸೊಪ್ಪು ಅಮೃತ" ಅಂತ ಇನ್ನೊಬ್ಬರು ಜಗಳ ಆಡ್ತಿದ್ದಾರೆ. ಎಲೆ ಕೆಲಸ ಮಾಡಬಹುದು ಅನ್ನೋದೇ ನನ್ನ ಭಯ. ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ, ಇದ್ದಿದ್ರೂ ಹೊಟ್ಟೇಲಿ ಅರಗಿ ಹೋಗ್ತಿತ್ತು, ಅದಕ್ಕೇ ತಾನೇ ಸೂಜೀಲಿ ಕೊಡೋದು. ಆದ್ರೆ ಶುಗರ್ ಇಳಿಸೋ ಏನೋ ಸಾರ ಇದ್ರೆ ಅದು ಮಾತ್ರೆಗೆ ಕೂಡಿಕೊಳ್ಳುತ್ತೆ.

ಮೆಟ್‌ಫಾರ್ಮಿನ್ ಹುಟ್ಟಿದ್ದೂ ಗಿಡದ ಜಾಡಿನಿಂದಲೇ. ನನ್ನ ಮಗಳು ಮೈಸೂರಲ್ಲಿ ಬಿ.ಫಾರ್ಮ ಓದುವಾಗ ಹೇಳಿದ್ದು: ಯೂರೋಪಿನಲ್ಲಿ ಗಲೇಗಾ ಅಂತ ಒಂದು ಗಿಡ, ನಮ್ಮ ಅವರೆ ಹುರುಳಿ ಕುಲದ್ದೇ. ಹಳಬರು ಔಷಧಿಗೆ ಬಳಸ್ತಿದ್ರು, ಅದನ್ನೇ ಜಾಸ್ತಿ ಮೇಯ್ದ ಕುರಿಗಳು ಸಾಯ್ತಿದ್ವು. ಅದರ ಸಾರದ ಹಿಂದೆ ಬಿದ್ದವರ ದಾರೀಲಿ 1922ರಲ್ಲಿ ಮೆಟ್‌ಫಾರ್ಮಿನ್ ತಯಾರಾಯ್ತು, 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಅನ್ನೋ ಡಾಕ್ಟರು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ವರದಿ ಮಾಡಿದ್ರು. ಗಿಡದಿಂದ ಮಾತ್ರೆಗೆ ಬಂದಾಗ ಅಳತೆ ಸಿಕ್ಕಿದ್ದೇ ದೊಡ್ಡ ಲಾಭ. ನಮ್ಮ ಕಬ್ಬನ್ನೇ ನೋಡು. ಅದೇ ಗದ್ದೆ, ಅದೇ ಕೋ 62175 ತಳಿ. ಎಳೇದು ಕಡಿದ್ರೆ ಬೆಲ್ಲ ಅಚ್ಚೇ ಹಿಡಿಯಲ್ಲ, ಯೂರಿಯಾ ಜಾಸ್ತಿ ಆದ್ರೆ ಕಪ್ಪು ತಿರುಗುತ್ತೆ. ಕಬ್ಬಿಗೇ ಹೀಗಾದ್ರೆ ನಿನ್ನ ಕುಂಡದ ಎಲೆ ಜೂನಲ್ಲೂ ಡಿಸೆಂಬರಲ್ಲೂ ಒಂದೇ ಥರ ಇರುತ್ತಾ? ವಿದರಿಂಗ್ ಅಂತ ಒಬ್ಬ ಇಂಗ್ಲೆಂಡಿನ ಡಾಕ್ಟರು 1785ರಲ್ಲಿ ಡಿಜಿಟಾಲಿಸ್ ಅನ್ನೋ ಗಿಡದ ಎಲೆ ಬಗ್ಗೆ ಬರೆದಾಗ ಇದಕ್ಕೇ ತಲೆ ಕೆಡಿಸ್ಕೊಂಡಿದ್ದು: ಹೂ ಬಿಡೋ ಕಾಲದಲ್ಲೇ ಎಲೆ ಕೀಳಬೇಕು, ಒಣಗಿಸಿ ಪುಡಿ ಮಾಡಿ ತೂಗಿ ಕೊಡಬೇಕು ಅಂತ. ಹೃದಯಕ್ಕೆ ಔಷಧಿಯಾಗೋ ಅಳತೆಗೂ ಕೊಲ್ಲೋ ಅಳತೆಗೂ ಅಂತರ ಅಷ್ಟು ಕಿರಿದು.

"ನಿತ್ಯಪುಷ್ಪದ ಮೂರು ಎಲೆ ಅಗೀರಿ" ಅಂತ ಹಾಕಿರೋ ಅಣ್ಣಾವ್ರೇ, ನಿಮಗೂ ಒಂದು ಮಾತು. ಜಮೈಕಾದಲ್ಲೂ ನಿಮ್ಮ ಹಾಗೇ ಅದರ ಕಷಾಯ ಸಕ್ಕರೆ ಕಾಯಿಲೆಗೆ ಕುಡೀತಿದ್ರು. ಕೆನಡಾದಲ್ಲಿ ನೋಬಲ್, ಬಿಯರ್ ಅನ್ನೋ ವಿಜ್ಞಾನಿಗಳು ಇಲಿಗಳಿಗೆ ಕೊಟ್ಟು ನೋಡಿದ್ರು. ಸಕ್ಕರೆ ಇಳೀಲಿಲ್ಲ, ಬಿಳಿ ರಕ್ತಕಣ ಇಳಿದುಹೋದ್ವು, ಸೋಂಕು ಹತ್ತಿ ಇಲಿಗಳು ಸತ್ವು. ಅದರಿಂದಲೇ 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬೆಳಕಿಗೆ ಬಂತು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡ್ತಾರೆ. ಅದನ್ನ ನೀವು ಎಲೆ ಅಡಿಕೆ ಥರ ಅಗೀರಿ ಅಂತೀರಲ್ಲ! ಇನ್ನೂ ಒಂದು. ಇದಕ್ಕೆ ಕಾಶಿ ಕಣಗಿಲೆ ಅಂತಲೂ ಹೆಸರು. ಯಾರೋ "ಕಣಗಿಲೆ" ಅಂತಷ್ಟೇ ಕೇಳಿಸ್ಕೊಂಡು ಬೇಲಿ ಕಣಗಿಲೆ ಎಲೆ ಅರೆದು ಕುಡಿದ್ರೆ ನೇರ ಹೃದಯಕ್ಕೇ ಹೊಡೆಯೋ ವಿಷ. ಆ ಕಾಮೆಂಟ್ ದಯವಿಟ್ಟು ತೆಗೀರಿ.

ನನ್ನ ಪದ್ಧತಿ ಹೇಳ್ತೀನಿ, ಯಾರು ನಕ್ಕರೂ ಸರಿ. ಡಾಕ್ಟರ ಹತ್ರ ಹೋಗುವಾಗ ಒಂದು ಬಟ್ಟೆ ಚೀಲ. ಮಾತ್ರೆ, ಚೂರ್ಣ, ಕಷಾಯದ ಪುಡಿ, ಎಲೆಯ ಒಂದು ಕಡ್ಡಿ, ನೆನೆಸೋ ಮೆಂತ್ಯದ ಡಬ್ಬಿ ಸಮೇತ, ಬಾಯಿಗೆ ಹೋಗೋದೆಲ್ಲ ಅದರೊಳಗೆ. ಹೋಗಿ ಮೇಜಿನ ಮೇಲೆ ಸುರೀತೀನಿ. ಬೈದ್ರೆ ಬೈಲಿ. ಇನ್ನೊಂದು, ಹೊಸದು ಶುರು ಮಾಡೋದಾದ್ರೆ ಕೇಳಿಕೊಂಡು ಒಂದೇ ಒಂದು, ಹದಿನೈದು ದಿನ, ಪುಸ್ತಕದಲ್ಲಿ ಬರೆದಿಟ್ಟು. ಒಂದೇ ತಾಕಿಗೆ ಮೂರು ಗೊಬ್ಬರ ಒಟ್ಟಿಗೆ ಸುರಿದು ಯಾವುದರಿಂದ ಫಸಲು ಬಂತು ಅಂತ ಯಾರು ಹೇಳೋಕಾಗುತ್ತೆ?

ಮೀಟರ್ ವಿಷಯಕ್ಕೆ ನಾನು ಆಕ್ಯು-ಚೆಕ್ ಪಕ್ಷ, ನಮ್ಮ ತಂಗಿ ಡಾ. ಮೋರ್‌ಪೆನ್, ಇಬ್ಬರಿಗೂ ಸರಿಹೋಗಿದೆ. ಮೀಟರಿಗೆ ಹಾಕೋ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಟ್ಟು ಒಲೆ ಪಕ್ಕ ಇಟ್ರೆ ಯಾವ ಕಂಪನಿದೂ ಸುಳ್ಳು ಹೇಳುತ್ತೆ. ಮಾತ್ರೆ ದುಬಾರಿ ಅಂತ ಎಲೆಗೆ ಹೋಗಿದ್ರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕೇಳು, ದುಡ್ಡು ಬಹಳ ಉಳಿಯುತ್ತೆ. ಹೆಸರು, ಬ್ಯಾಚ್ ನಂಬರ್ ಏನೂ ಇಲ್ಲದ ಪೊಟ್ಟಣದ ಪುಡಿ ಮಾತ್ರ ಮನೆಗೆ ತರಬೇಡ. ಮಂಡಿನೋವಿಗೆ ಅಂಥದ್ದು ತಿಂದು ನಮ್ಮ ನೆಂಟರೊಬ್ಬರ ಮುಖ ಬೂದುಗುಂಬಳ ಆಗಿತ್ತು, ಪರೀಕ್ಷೆ ಮಾಡಿಸಿದ್ರೆ ಸ್ಟೀರಾಯ್ಡ್ ಬೆರೆತಿತ್ತು.

ಅಮೃತಬಳ್ಳಿ ಕೇಳ್ತಿದ್ದೋರಿಗೆ: ಕಾಂಡದ ಮೈಮೇಲೆ ನರೂಲಿ ಥರ ಒತ್ತೊತ್ತಾಗಿ ಗುಬುಟು ಇದ್ರೆ ಅದು ಬೇರೆ ಜಾತಿ ಇರಬಹುದು, ಮುಟ್ಟಬೇಡಿ. ಗ್ರಂಥಿಗೆ ಅಂಗಡೀಲಿ ಒಣಗಿದ ಚೂರು ತಗೊಂಡ್ರೆ ದೇವರಿಗೂ ಗುರುತು ಸಿಗಲ್ಲ. ಕೋವಿಡ್ ಕಾಲದಲ್ಲಿ ಇದನ್ನ ದಿನಾ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದಿದ್ದಾರೆ. ಸೋರೆಕಾಯಿ ರಸ ಕುಡಿಯೋರು ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ರೆ ಕಾಯಿ ಸಮೇತ ತಿಪ್ಪೆಗೆ. ಬಿಪಿ ಇರೋರು ಕೆಮ್ಮಿಗೆ ಅಂತ ಜೇಷ್ಠಮಧು ವಾರಗಟ್ಟಲೆ ಅಗಿಯಬೇಡಿ, ಬಿಪಿ ಏರುತ್ತೆ. ರಕ್ತ ತೆಳುವಾಗೋ ವಾರ್ಫರಿನ್ ತಗೊಳ್ಳೋರು ಬಸ್ಸಾರಿನ ಸೊಪ್ಪು ಒಂದು ವಾರ ರಾಶಿ, ಒಂದು ವಾರ ಸೊನ್ನೆ ಮಾಡಬೇಡಿ, ದಿನಾ ಒಂದೇ ಹದ ಇರಲಿ. ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಕಾಫಿ, ರಾಗಿ ಗಂಜಿ ಬೇಡ, ಕನಿಷ್ಠ ಅರ್ಧ ಮುಕ್ಕಾಲು ಗಂಟೆ ತಡೀರಿ.

ತಮ್ಮ, ಅವ್ವ ಬಿಪಿಗೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ತಗೋತಾರಾ ನೋಡು. ತಗೋತಿದ್ರೆ ಶುಗರ್ ಬಿದ್ದಾಗ ನಡುಕ, ಎದೆ ಡವಡವ ಗೊತ್ತಾಗದೆ ಹೋಗಬಹುದು, ಬೆವರೊಂದೇ ಉಳಿಯೋದು. ಹಾಗಲಕಾಯಿ ಗೊಜ್ಜು, ಪಲ್ಯ ಊಟದ ಜೊತೆ ಮಾಡಿ ಹಾಕು, ಅದಕ್ಕೆ ನನ್ನ ತಕರಾರಿಲ್ಲ.

ಇನ್ನು ನಿನ್ನ ಗಿಡ. ಮಧ್ಯಾಹ್ನದ ಬಿಸಿಲು ನೇರ ಬೀಳ್ತಿದೆ, ಗೋಡೆ ನೆರಳು ಫೋಟೋದಲ್ಲೇ ಗೊತ್ತಾಗುತ್ತೆ. ಬೆಳಗಿನ ಬಿಸಿಲು ಬೀಳೋ ಜಾಗಕ್ಕೆ ಸರಿಸು. ಕುಂಡದ ಕೆಳಗಿನ ತಟ್ಟೇಲಿ ನೀರು ನಿಂತಿದೆ, ಚೆಲ್ಲು, ಇಲ್ಲಾಂದ್ರೆ ಗೆಡ್ಡೆ ಕೊಳೆಯುತ್ತೆ. ಒಂದು ಹಿಡಿ ಎರೆಗೊಬ್ಬರ ಸಾಕು. ಎಲೆ ಜಾಸ್ತಿ ಬರಿಸೋ ಗೊಬ್ಬರ ನಾನು ಹೇಳಲ್ಲ. 3 ಗಂಟೆ ರೀಡಿಂಗ್ ಎಷ್ಟು ಬಂತು ಅಂತ ನಾಳೆ ಬೆಳಿಗ್ಗೆ ಇದರ ಕೆಳಗೇ ಹಾಕು, ನೋಡ್ತಿರ್ತೀನಿ.