ಪರ್ಸೆಂಟೈಲ್ ಅಂಕವಲ್ಲ, ಗ್ರೇಡ್ ಈಕ್ವಿವಲೆಂಟ್ ಬಡ್ತಿಯಲ್ಲ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಹೋಮ್‌ಸ್ಕೂಲಿಂಗ್ ಮಕ್ಕಳಿಗೆ, ಅಂದರೆ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವವರಿಗೆ, ವಾರ್ಷಿಕ ಪರೀಕ್ಷೆ ನಡೆಸಿಕೊಡುವುದು ನನ್ನ ಕೆಲಸ. ಮೇ ತಿಂಗಳು ಬಂತೆಂದರೆ ಕನ್ನಡದ ಮನೆಗಳಿಂದ ಒಂದೇ ಬಗೆಯ ಫಲಿತಾಂಶದ ಕಾಗದದ ಫೋಟೋಗಳು ಬರತೊಡಗುತ್ತವೆ. ಯಾವುದೋ ಒಂದು ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿರುತ್ತಾರೆ, ಕೆಳಗೆ ಗಾಬರಿಯ ನಾಲ್ಕು ಸಾಲು ಬರೆದಿರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿಯಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ನಾವು ನಾರ್ತ್ ಕೆರೊಲಿನಾದ ಕ್ಯಾರಿ ಊರಿನಲ್ಲಿದ್ದೇವೆ. ಮಗಳಿಗೆ ಮನೆಯಲ್ಲೇ ಮೂರನೇ ತರಗತಿಯ ಪಾಠ. ಏಪ್ರಿಲ್‌ನಲ್ಲಿ ವಾರ್ಷಿಕ ಪರೀಕ್ಷೆಯಾಗಿ ಅಯೋವಾ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದಳು. ಗಣಿತದಲ್ಲಿ ಗ್ರೇಡ್ ಈಕ್ವಿವಲೆಂಟ್ 5.8, ಪರ್ಸೆಂಟೈಲ್ 91. ಸ್ಪೆಲ್ಲಿಂಗ್‌ನಲ್ಲಿ ಪರ್ಸೆಂಟೈಲ್ ಬರೀ 38. ಗಣಿತದಲ್ಲಿ ಐದನೇ ತರಗತಿ ಮುಗಿಸಿದಂತೆಯೇ ಆಯಿತು, ಆರನೆಯದರ ಪುಸ್ತಕ ತರಿಸೋಣ ಎನ್ನುತ್ತಾರೆ ನಮ್ಮ ಯಜಮಾನರು. ಸ್ಪೆಲ್ಲಿಂಗ್ ವಿಷಯವನ್ನು ಊರಲ್ಲಿರುವ ಅಜ್ಜಿ ತಾತನಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಆರು ವಾರದಲ್ಲಿ 30 ಪರ್ಸೆಂಟೈಲ್ ಏರಿಸಿಕೊಡುತ್ತೇವೆ ಎನ್ನುವ ತರಬೇತಿಯವರಿದ್ದಾರೆ. ಸೇರಿಸಬಹುದೇ?

ಉತ್ತರ: ಸೇರಿಸಬೇಡಿ. ಆರನೇ ತರಗತಿಯ ಪುಸ್ತಕವನ್ನೂ ತರಿಸಬೇಡಿ. ಅಜ್ಜಿ ತಾತನಿಗೆ ಮಗು ಚೆನ್ನಾಗಿ ಓದುತ್ತಿದೆ ಎಂದು ಹೇಳಿ, ಅದು ನಿಜವೂ ಹೌದು.

ಮೊದಲು 5.8 ಎಂದರೇನು ನೋಡೋಣ. ನಿಮ್ಮ ಮಗಳು ಬರೆದದ್ದು ಮೂರನೇ ತರಗತಿಯ ಪ್ರಶ್ನೆಪತ್ರಿಕೆ. ಅದೇ ಪತ್ರಿಕೆಯನ್ನು ಐದನೇ ತರಗತಿಯ ಎಂಟನೇ ತಿಂಗಳಲ್ಲಿರುವ ಸಾಧಾರಣ ಮಗುವಿನ ಮುಂದಿಟ್ಟರೆ ಅದೂ ಹೆಚ್ಚುಕಡಿಮೆ ಇಷ್ಟೇ ಗಳಿಸೀತು ಎಂಬ ಅಂದಾಜು ಈ 5.8. ಐದನೇ ತರಗತಿಯ ಗಣಿತವನ್ನು ಯಾರೂ ಅವಳಿಗೆ ಕೇಳಿಯೇ ಇಲ್ಲ. ಮಗಳು ಅಮ್ಮನಷ್ಟೇ ಹದವಾಗಿ ಉಪ್ಪಿಟ್ಟು ಮಾಡಿದಳೆಂದರೆ ಅವಳಿಗೆ ಉಪ್ಪಿಟ್ಟು ಮಾಡಲು ಬರುತ್ತದೆ ಎಂದು ಅರ್ಥ. ಹೋಳಿಗೆಯ ಕಣಕ ಕಲಸಲೂ ಬರುತ್ತದೆ ಎಂದಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೀಗೆಯೇ ಒಂದು ದಶಮಾಂಶ ಸಂಖ್ಯೆಯನ್ನು ನಂಬಿ ಒಂದು ಮನೆಯವರು ಮೂರನೆಯದು ಮುಗಿಸಿದ ಹುಡುಗನಿಗೆ ನೇರವಾಗಿ ಆರನೆಯದರ ಗಣಿತ ಹಿಡಿಸಿದರು. ಮೂರು ತಿಂಗಳ ಮೇಲೆ ನನ್ನನ್ನು ಕರೆಸಿಕೊಂಡರು. ಹುಡುಗ ಊಟದ ಮೇಜಿನ ಮೂಲೆಯಲ್ಲಿ ಕುಳಿತು ಪೆನ್ಸಿಲ್‌ನ ಹಿಂದಿನ ರಬ್ಬರ್ ಕಚ್ಚುತ್ತಿದ್ದ. 1/2ಕ್ಕೆ 1/3 ಕೂಡಿಸು ಎಂದೆ. ಒಂದು ಕ್ಷಣವೂ ಯೋಚಿಸದೆ 2/5 ಎಂದು ಬರೆದ. ಅರ್ಧ ದೊಡ್ಡದೋ 2/5 ದೊಡ್ಡದೋ ಎಂದು ಕೇಳಿದೆ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಆಮೇಲೆ ಪುಸ್ತಕ ಮುಚ್ಚಿಬಿಟ್ಟ. ಒಂದು ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದು, ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ, ಮತ್ತೊಂದನ್ನು ಆರಾಗಿ ಮಡಿಸಲು ಅವನ ಕೈಗೇ ಕೊಟ್ಟೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ 5/6 ಎಂದು ತಾನೇ ಹೇಳಿದ. ಬುದ್ಧಿವಂತ ಹುಡುಗ. ಇಲ್ಲಿನ ಶಾಲೆಗಳಲ್ಲಿ ನಾಲ್ಕು ಮತ್ತು ಐದನೇ ತರಗತಿಯಲ್ಲಿ ನಿಧಾನವಾಗಿ ಕಟ್ಟುವ ಭಿನ್ನರಾಶಿಯ ಪಾಠವನ್ನು ಅವನಿಂದ ಕಿತ್ತುಕೊಂಡಿದ್ದರು, ಅಷ್ಟೇ. ಗಣಿತ ತನ್ನಿಂದಾಗದು ಎಂದು ಆ ಮೂರು ತಿಂಗಳಲ್ಲಿ ಅವನು ನಂಬಿಬಿಟ್ಟಿದ್ದ. ಆ ನಂಬಿಕೆಯನ್ನು ಅಳಿಸಲು ಒಂದು ವರ್ಷ ಹಿಡಿಯಿತು.

ಮಗಳನ್ನು ಮುಂದೆ ಒಯ್ಯಲೇಬೇಕು ಎನಿಸಿದರೆ ದಾರಿ ಸುಲಭ. ನಾಲ್ಕನೆಯದರ ಪುಸ್ತಕ ತೆಗೆದು ಪ್ರತಿ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಪಾಠಕ್ಕಿಂತ ಮೊದಲೇ ಕೊಡಿ. ಹತ್ತಕ್ಕೆ ಒಂಬತ್ತನ್ನು ತಡವರಿಸದೆ ಮಾಡಿದರೆ ಆ ಅಧ್ಯಾಯ ಬಿಡಿ, ಎಡವಿದಲ್ಲಿ ನಿಂತು ಕಲಿಸಿ. ಗಣಿತದಲ್ಲಿ 91 ಪರ್ಸೆಂಟೈಲ್ ಬಂದಿರುವ ಮಗು ಹೀಗೆ ಹೋದರೂ ವೇಗವಾಗಿಯೇ ಹೋಗುತ್ತದೆ, ಅಡಿಪಾಯವೂ ಟೊಳ್ಳಾಗುವುದಿಲ್ಲ.

ಇನ್ನು ಆ 38. ನಾವೆಲ್ಲ ಎಸ್ಸೆಸ್ಸೆಲ್ಸಿ ಬರೆದ ಕಾಲದ 35ರ ಗೆರೆ ನಮ್ಮ ತಲೆಯಿಂದ ಅಳಿಸಿಹೋಗಿಲ್ಲ. 38 ಕಂಡ ಕೂಡಲೇ ಮಗು ಕೂದಲೆಳೆಯಲ್ಲಿ ಪಾಸಾಯಿತು ಎನಿಸಿಬಿಡುತ್ತದೆ. ಇದು ನೂರಕ್ಕೆ 38 ಅಂಕವಲ್ಲ. ದೇಶದ ಮೂರನೇ ತರಗತಿಯ ಮಕ್ಕಳನ್ನು ಪ್ರತಿನಿಧಿಸುವಂತೆ ಪರೀಕ್ಷೆಯ ಪ್ರಕಾಶಕರು ಆರಿಸಿದ ಗುಂಪಿನಲ್ಲಿ ನೂರಕ್ಕೆ 38 ಮಕ್ಕಳಿಗೆ ನಿಮ್ಮ ಮಗಳು ಸಮ ಅಥವಾ ಮೇಲು ಎಂದು ಅರ್ಥ. ಜೆಇಇ ಫಲಿತಾಂಶದಲ್ಲಿ ಪರ್ಸೆಂಟೈಲ್ ಎಂದರೇನೆಂದು ಪಟಪಟನೆ ವಿವರಿಸುವವರೂ ತಮ್ಮ ಎಂಟು ವರ್ಷದ ಮಗುವಿನ ಕಾಗದ ಕೈಗೆ ಬಂದಾಗ ಅದನ್ನು ಮರೆಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಅದೇ ಕಾಗದದಲ್ಲಿ ಸ್ಟೇನೈನ್ ಎಂಬ ಇನ್ನೊಂದು ಕಾಲಂ ಇರುತ್ತದೆ, ಒಂದರಿಂದ ಒಂಬತ್ತರವರೆಗೆ. ಅದನ್ನು ಯಾರೂ ನೋಡುವುದಿಲ್ಲ. 23ರಿಂದ 76ರವರೆಗಿನ ಪರ್ಸೆಂಟೈಲ್‌ಗಳು ನಾಲ್ಕು, ಐದು, ಆರನೇ ಸ್ಟೇನೈನ್‌ನಲ್ಲಿ ಬರುತ್ತವೆ. ಮೂರೂ ಸಾಧಾರಣ ಮಟ್ಟವೇ. ನೂರಕ್ಕೆ 54 ಮಕ್ಕಳು ಇರುವ ಜಾಗ ಅದು, ನಿಮ್ಮ ಮಗಳೂ ಅಲ್ಲೇ ಇದ್ದಾಳೆ. ಮಧ್ಯದಲ್ಲಿ ಮಕ್ಕಳು ಹೀಗೆ ಒತ್ತೊತ್ತಾಗಿರುವುದರಿಂದ ಒಂದೆರಡು ಪ್ರಶ್ನೆ ಹೆಚ್ಚು ಸರಿಯಾದರೂ ಪರ್ಸೆಂಟೈಲ್ ಜಿಗಿಯುತ್ತದೆ, ಒಂದೆರಡು ತಪ್ಪಿದರೂ ಕುಸಿಯುತ್ತದೆ.

ಆ ಒಂದೆರಡು ಪ್ರಶ್ನೆ ಹೇಗೆ ತಪ್ಪುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈ ಪರೀಕ್ಷೆಯ ಸ್ಪೆಲ್ಲಿಂಗ್ ಭಾಗದಲ್ಲಿ ಮಗು ಪದ ಬರೆಯುವುದಿಲ್ಲ. ಪದಗಳ ಸಾಲಿನಲ್ಲಿ ತಪ್ಪಾಗಿ ಬರೆದದ್ದು ಯಾವುದೆಂದು ಗುರುತಿಸಬೇಕು, ಯಾವುದೂ ತಪ್ಪಿಲ್ಲ ಎಂಬ ಆಯ್ಕೆಯೂ ಇರುತ್ತದೆ. ಮನೆಯಲ್ಲಿ ಉಕ್ತಲೇಖನ ಬರೆದು ರೂಢಿಯಾದ ಮಗುವಿಗೆ ಇದು ಹೊಸತು. ಕಾಗದದ ಮೇಲೆ ಬರೆಯುವವರಲ್ಲಿ ಇನ್ನೊಂದು ತೊಂದರೆ. ಒಬ್ಬಳು ಹುಡುಗಿ ಹದಿನಾಲ್ಕನೇ ಪ್ರಶ್ನೆ ಬಿಟ್ಟಳು, ಹದಿನೈದರ ಉತ್ತರವನ್ನು ಹದಿನಾಲ್ಕರ ವೃತ್ತದಲ್ಲಿ ತುಂಬಿದಳು, ಅಲ್ಲಿಂದ ಕೊನೆಯವರೆಗೆ ಎಲ್ಲವೂ ಒಂದು ಸಾಲು ಮೇಲೆ. ಅವಳಿಗೆ ಉತ್ತರ ಗೊತ್ತಿತ್ತು, ಕಾಗದ ಅದನ್ನು ಹೇಳಲಿಲ್ಲ. ಅದಕ್ಕೇ ನಾನು ಪರೀಕ್ಷೆಗೆ ಮುಂಚೆ ಖಾಲಿ ಉತ್ತರಪತ್ರಿಕೆಯಲ್ಲಿ ವೃತ್ತ ತುಂಬುವುದನ್ನು ಮಾತ್ರ ಅಭ್ಯಾಸ ಮಾಡಿಸಿ ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನ ತಯಾರಿ ಬೇಡ.

ನಮ್ಮವರ ಮನೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ. ಆ ರೂಢಿಯಲ್ಲೇ ಇಂಗ್ಲಿಷ್ ಪದವನ್ನೂ ಬಿಡಿಸಿ ಹೇಳಿಕೊಡುತ್ತೇವೆ. ಫ್ರೆಂಡ್ ಎಂದು ಎಷ್ಟು ಬಿಡಿಸಿ ಹೇಳಿದರೂ ಅದರೊಳಗಿನ ಐ ಅಕ್ಷರ ಕಿವಿಗೆ ಬೀಳುವುದಿಲ್ಲ, ಅದನ್ನು ಕಣ್ಣೇ ಕಲಿಯಬೇಕು. ದಿನಕ್ಕೆ ಐದು ಪದ ಸಾಕು. ಪದ ನೋಡಲಿ, ಮುಚ್ಚಲಿ, ಬರೆಯಲಿ, ತೆರೆದು ತಾನೇ ತಿದ್ದಿಕೊಳ್ಳಲಿ. ಹತ್ತು ನಿಮಿಷದ ಕೆಲಸ. ಮುಂದಿನ ಏಪ್ರಿಲ್‌ವರೆಗೆ ಆ ಕಾಗದವನ್ನು ಮತ್ತೆ ತೆಗೆಯಬೇಡಿ.

ಕಾನೂನಿನ ಭಯವೂ ಬೇಡ. ಇಲ್ಲಿ ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ಪ್ರಮಾಣೀಕೃತ ಪರೀಕ್ಷೆ ಬರೆಸಬೇಕು. ಅದರಲ್ಲಿ ಇಂಗ್ಲಿಷ್ ವ್ಯಾಕರಣ, ಓದು, ಸ್ಪೆಲ್ಲಿಂಗ್, ಗಣಿತ ಇರಬೇಕು. ಫಲಿತಾಂಶವನ್ನು ಒಂದು ವರ್ಷ ಜೋಪಾನವಾಗಿಟ್ಟು, ಅಧಿಕಾರಿಗಳು ಕೇಳಿದರೆ ತೋರಿಸಬೇಕು. ಇಷ್ಟು ಬಂದರೇ ಪಾಸು ಎಂಬ ಗೆರೆಯೇ ಇಲ್ಲ. ಗೆರೆ ಇರುವ ರಾಜ್ಯಗಳು ಬೇರೆ. ವರ್ಜೀನಿಯಾದಲ್ಲಿ ಪರೀಕ್ಷೆಯ ದಾರಿ ಹಿಡಿದವರಿಗೆ ಒಟ್ಟು ಫಲಿತಾಂಶ ನಾಲ್ಕನೇ ಸ್ಟೇನೈನ್, ಅಂದರೆ 23ನೇ ಪರ್ಸೆಂಟೈಲ್ ಮುಟ್ಟಬೇಕು. ನ್ಯೂಯಾರ್ಕ್‌ನಲ್ಲಿ 33ಕ್ಕಿಂತ ಮೇಲಿರಬೇಕು, ಇಲ್ಲವೇ ಹಿಂದಿನ ಪರೀಕ್ಷೆಗಿಂತ ಒಂದು ವರ್ಷದ ಪ್ರಗತಿ ಕಾಣಬೇಕು. ಅಲ್ಲಿಯೂ ನೋಡುವುದು ಒಟ್ಟು ಫಲಿತಾಂಶವನ್ನೇ, ಸ್ಪೆಲ್ಲಿಂಗ್ ಒಂದನ್ನೇ ಅಲ್ಲ.

ಕೊನೆಗೆ ಆ ತರಬೇತಿಯವರು. ಪರ್ಸೆಂಟೈಲ್ 99ಕ್ಕೆ ನಿಲ್ಲುತ್ತದೆ. ಬಂದವರಿಗೆಲ್ಲ 30 ಏರಿಸುತ್ತೇನೆ ಎನ್ನುವವರು ಗಣಿತದ 91ಕ್ಕೆ ಅದನ್ನು ಎಲ್ಲಿ ಸೇರಿಸುತ್ತಾರೆ? ಆ ಸಂಖ್ಯೆಯ ಅರ್ಥವೇ ತಿಳಿಯದವರು ಅದನ್ನು ಮಾರುತ್ತಿದ್ದಾರೆ. ಇನ್ನು ಕೆಲವರು ಪರೀಕ್ಷೆಯ ಪ್ರಶ್ನೆಗಳನ್ನೇ ಎಲ್ಲಿಂದಲೋ ತಂದು ಬಾಯಿಪಾಠ ಮಾಡಿಸುತ್ತಾರೆ. ಅದು ಮೋಸ. ಮಗುವಿಗೆ ಏನು ಬರುವುದಿಲ್ಲ ಎಂದು ತಿಳಿಯುವ ಏಕೈಕ ಅವಕಾಶವನ್ನೂ ನೀವೇ ಹಣ ಕೊಟ್ಟು ಕಳೆದುಕೊಂಡಂತೆ. ಅಂಥವರ ಹತ್ತಿರ ಓದಿದ ಮಕ್ಕಳ ಪರೀಕ್ಷೆಯನ್ನು ನಾನು ನಡೆಸುವುದಿಲ್ಲ.

ಪ್ರಶ್ನೆ: ಟೆಕ್ಸಸ್‌ನಿಂದ ಇಲ್ಲಿಗೆ ಬಂದಿದ್ದೇವೆ. ಅಲ್ಲಿ ಯಾರೂ ಪರೀಕ್ಷೆ ಕೇಳುತ್ತಿರಲಿಲ್ಲ. ಇಲ್ಲೂ ಬಿಡಬಹುದೇ?

ಉತ್ತರ: ಬಿಡುವಂತಿಲ್ಲ. ವಾಸವಿರುವ ರಾಜ್ಯದ ಕಾನೂನು ಅನ್ವಯಿಸುತ್ತದೆ.

ಪ್ರಶ್ನೆ: ಪಕ್ಕದಲ್ಲಿ ಕುಳಿತು ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬಹುದೇ?

ಉತ್ತರ: ಕೂಡದು. ಕೈಪಿಡಿಯಲ್ಲಿ ಓದಿ ಹೇಳಿ ಎಂದು ಬರೆದಿರುವುದನ್ನು ಮಾತ್ರ, ಬರೆದಿರುವ ಹಾಗೆಯೇ ಓದಿ. ಮಗು ನಿಮ್ಮ ಮುಖ ನೋಡಿದರೆ ನೀವು ಕಿಟಕಿ ನೋಡಿ.

ಪ್ರಶ್ನೆ: ಜಾಲತಾಣವೊಂದರಲ್ಲಿ ಉಚಿತವಾಗಿ ಇಪ್ಪತ್ತು ಪ್ರಶ್ನೆ ಕೇಳಿ ಪ್ರಮಾಣಪತ್ರ ಕೊಡುತ್ತಾರೆ. ಅದು ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ.

ಪ್ರಶ್ನೆ: ನಾವು ಮೈಸೂರಿನವರು. ಮಗನಿಗೆ ಮನೆಯಲ್ಲೇ ಪಾಠ. ಅಮೆರಿಕದ ಈ ಪರೀಕ್ಷೆ ತರಿಸಿ ಬರೆಸಿದರೆ ಮುಂದೆ ಕಾಲೇಜಿಗೆ ಅನುಕೂಲವೇ?

ಉತ್ತರ: ಯಾವ ಅನುಕೂಲವೂ ಇಲ್ಲ. ಅಲ್ಲಿ ಅವನಿಗೆ ಬೇಕಾದದ್ದು ಎನ್‌ಐಒಎಸ್, ಅಂದರೆ ಭಾರತದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 14 ತುಂಬಿದ ಮೇಲೆ ಅದರ ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಿ. ಅದಕ್ಕಿಂತ ಮೊದಲೇ ಒಂದು ಅಳತೆ ಬೇಕೆನಿಸಿದರೆ 3, 5, 8ನೇ ತರಗತಿಗೆ ಸಮನಾದ ಹಂತಗಳೂ ಅಲ್ಲಿಯೇ ಇವೆ. ಇಲ್ಲಿನ ಪರೀಕ್ಷೆ ಅಮೆರಿಕದ ಮಕ್ಕಳ ಗುಂಪಿಗೆ ಹೋಲಿಸಿ ಸಂಖ್ಯೆ ಕೊಡುತ್ತದೆ. ಮೈಸೂರಿನ ಮಗುವಿಗೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಕನ್ನಡ ಮಾತಾಡುವುದರಿಂದಲೇ ಮಗನ ಓದಿನ ಫಲಿತಾಂಶ ಇಳಿಯುತ್ತಿದೆ, ನಿಲ್ಲಿಸಿ ಎಂದು ಟ್ಯೂಷನ್ ಹೇಳುವವರು ಹೇಳಿದ್ದಾರೆ. ನಿಲ್ಲಿಸಬೇಕೇ?

ಉತ್ತರ: ಟ್ಯೂಷನ್ ನಿಲ್ಲಿಸಿ. ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಅವನೇ ಆರಿಸಿದ ಇಂಗ್ಲಿಷ್ ಪುಸ್ತಕಗಳನ್ನು ತನ್ನಿ. ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ನಿಮಗೆ ಕನ್ನಡದಲ್ಲಿ ಹೇಳಲಿ. ಕಥೆ ಅರ್ಥವಾಗಿದೆಯೇ ಇಲ್ಲವೇ ಎಂಬುದು ನಿಮಗೆ ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.