ಶಿಕ್ಷಕರು ಹೊಸದನ್ನು ಪ್ರಯತ್ನಿಸುವಂತೆ ಮುಖ್ಯ ಶಿಕ್ಷಕರು ಏನು ಮಾಡಬಹುದು?

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಮುಖ್ಯ ಶಿಕ್ಷಕಿಯಾಗಿ ಹೋಗಿದ್ದೀರಿ, ಸಭೆಯಲ್ಲಿ ಏನು ಹೇಳಿದರೂ ಎಲ್ಲರೂ ‘ಆಯ್ತು ಮೇಡಂ’ ಅನ್ನುತ್ತಾರೆ, ಮರುದಿನ ತರಗತಿಯಲ್ಲಿ ಅದರ ಸುಳಿವೇ ಇರುವುದಿಲ್ಲ ಎಂದು ಬರೆದಿದ್ದೀರಿ. ನಾನು ಇದೇ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಶಿಕ್ಷಕರಿಗೆ ಹೊಸ ಯೋಚನೆಗಳ ಬರ ಖಂಡಿತ ಇಲ್ಲ. ತರಬೇತಿಗಳಲ್ಲಿ ಕೂತು ಕೂತು ಎಲ್ಲವನ್ನೂ ಕೇಳಿರುತ್ತಾರೆ. ಅವರಿಗಿರುವ ತೊಂದರೆ ಎರಡು: ಪುರುಸೊತ್ತಿಲ್ಲ, ಮತ್ತು ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕಾದವರು ತಾವೇ ಎಂಬ ಭಯ. ಈ ಎರಡನ್ನು ನೀವು ನಿಮ್ಮ ಮೇಲೆ ಹಾಕಿಕೊಳ್ಳಿ.

ನನ್ನ ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. 6ನೇ ತರಗತಿಯ ಗಣಿತ ಮೇಷ್ಟ್ರು ಒಬ್ಬರು, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕವನ್ನೇ ಪಾಠ ಮಾಡುತ್ತೇನೆ ಅಂದರು. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. 6ರಿಂದ 8ಕ್ಕೆ 150 ಮತ್ತು 30 ಗ್ರಾಂ. ಅವತ್ತಿನ ಹಾಜರಾತಿ ನೋಡಿ ಎಷ್ಟು ಅಳೆಯಬೇಕೆಂದು ಮಕ್ಕಳೇ ಲೆಕ್ಕ ಹಾಕಬೇಕು, ತೂಕ ಮಾಡಿ ನೋಡಬೇಕು. ಗುಣಾಕಾರ, ಗ್ರಾಂ–ಕಿಲೋ ಪರಿವರ್ತನೆ, ಅನುಪಾತ ಎಲ್ಲ ಒಂದೇ ಕಡೆ ಸಿಗುತ್ತದೆ. ಅಡುಗೆಯವರಿಗೆ ಮೊದಮೊದಲು ಕಿರಿಕಿರಿ ಆಯಿತು, ಲೆಕ್ಕ ಹಿಡಿಯಲು ಬಂದಿದ್ದಾರೆ ಅಂದುಕೊಂಡರು. ಅವರೊಂದಿಗೆ ಕೂತು ಮಾತಾಡಿದ್ದು ನಾನು, ಮೇಷ್ಟ್ರಲ್ಲ. ಆಮೇಲೆ ಎಸ್‌ಡಿಎಂಸಿ (ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ಪೋಷಕರು ಎದ್ದು ನಿಂತು, ‘ನನ್ನ ಮಗನ್ನ ಅಕ್ಕಿ ಅಳೆಯೋಕೆ ಸ್ಕೂಲಿಗೆ ಕಳಿಸಿದ್ದೀನಾ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೂ ನಾನೇ ಉತ್ತರ ಕೊಟ್ಟೆ, ಹುಡುಗನ ಲೆಕ್ಕದ ನೋಟ್‌ಬುಕ್ ತರಿಸಿ ಅವರ ಕೈಗೇ ಕೊಟ್ಟೆ. ಮೇಷ್ಟ್ರು ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಆವತ್ತು ಸ್ಟಾಫ್ ರೂಮಿಗೆ ತಲುಪಿದ ಸುದ್ದಿ ಅಕ್ಕಿ ಲೆಕ್ಕದ್ದಲ್ಲ. ಹೆಡ್‌ಮೇಷ್ಟ್ರು ಬಿಟ್ಟುಕೊಡಲಿಲ್ಲ ಎಂಬುದು. ಬೇರೆಯವರು ತಾವಾಗಿ ಬಂದು ‘ಸರ್, ನಾನೊಂದು ಮಾಡಿ ನೋಡ್ಲಾ’ ಎನ್ನತೊಡಗಿದ್ದು ಅದರ ನಂತರ.

ಇದನ್ನು ಬರವಣಿಗೆಯಲ್ಲೂ ಮಾಡಿ. ಸೂಚನಾ ಪುಸ್ತಕದಲ್ಲಿ ‘ಇಂಥ ಪಾಠವನ್ನು ಇಂಥ ಶಿಕ್ಷಕರು ನನ್ನ ಒಪ್ಪಿಗೆಯಿಂದ ಚಟುವಟಿಕೆಯ ಮೂಲಕ ಮಾಡುತ್ತಿದ್ದಾರೆ’ ಎಂದು ಎರಡು ಸಾಲು ಬರೆದು ಸಹಿ ಹಾಕಿ. ಇಲಾಖೆಯವರು ಬಂದು ಪಾಠ ಟಿಪ್ಪಣಿಗೂ ತರಗತಿಗೂ ತಾಳೆಯಾಗುತ್ತಿಲ್ಲ ಎಂದಾಗ ಆ ಎರಡು ಸಾಲು ನಿಮ್ಮ ಶಿಕ್ಷಕರನ್ನು ಕಾಯುತ್ತವೆ.

ಸಮಯದ ವಿಷಯಕ್ಕೆ ದೊಡ್ಡ ಉಪಾಯವೇನೂ ಇಲ್ಲ. ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ, ಹಾಲು ಮೊಟ್ಟೆಯ ಲೆಕ್ಕ, ಹೊತ್ತಲ್ಲದ ಹೊತ್ತಿಗೆ ಗ್ರೂಪಿನಲ್ಲಿ ಕೇಳುವ ಮಾಹಿತಿ, ಇದರಲ್ಲಿ ಒಂದಷ್ಟನ್ನು ನೀವೇ ಮಾಡಿ. ವಾರಕ್ಕೊಂದು ಪೀರಿಯಡ್ ಅವರ ತರಗತಿಯನ್ನು ನೀವು ತೆಗೆದುಕೊಂಡು, ಆ ಹೊತ್ತಿನಲ್ಲಿ ಅವರು ಇನ್ನೊಬ್ಬ ಶಿಕ್ಷಕರ ಪಾಠ ನೋಡಲಿ. ಮೊದಲು ನಿಮ್ಮ ಪಾಠವನ್ನೇ ನೋಡಲು ಕರೆಯಿರಿ.

ನೋಡುವುದಕ್ಕೆ ನಾನು ಇಷ್ಟು ಒತ್ತು ಕೊಡಲು ನಲಿ-ಕಲಿ ಕಾರಣ, ಅಂದರೆ ಚಿಕ್ಕ ತರಗತಿಗಳಿಗೆ ಚಟುವಟಿಕೆ ಮತ್ತು ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾದಾಗ, ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ಕಣ್ಣಾರೆ ಕಂಡು ಬಂದರು. ಆಮೇಲೆ ನಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ಕೂತು ತಯಾರಿಸಿದವರೂ ಶಿಕ್ಷಕರೇ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆಲ್ಲ ಆದೇಶವಾಗಿ ಬಂತು. ಆಗ ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿತ್ತು, ಮಕ್ಕಳ ಕೆಲಸ ನೇತುಹಾಕುವ ಚಪ್ಪರ ತೂಗುತ್ತಿತ್ತು, ಪಾಠ ಮಾತ್ರ ಅದೇ ಹಳೆಯದು. ಚೆನ್ನಾಗಿ ನಡೆಯುತ್ತಿದ್ದ ಕಡೆ ವಿಚಾರಿಸಿದರೆ, ಆ ಶಿಕ್ಷಕರು ಪಕ್ಕದೂರಿನ ಯಾರದೋ ತರಗತಿಯಲ್ಲಿ ದಿನವಿಡೀ ಕೂತು ಬಂದಿರುತ್ತಿದ್ದರು. ನಿಮ್ಮ ಸಿಆರ್‌ಪಿಯವರನ್ನು (ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಕೇಳಿ ನೋಡಿ, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಭಾಷಣದ ಬದಲು ಮಕ್ಕಳನ್ನು ಕೂರಿಸಿಕೊಂಡು ಒಂದು ಪಾಠ ಇಡಿಸಲು ಆಗುತ್ತದಾ ಅಂತ.

ಒಪ್ಪದ ಹಿರಿಯರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಬೆನ್ನು ಬೀಳಬೇಡಿ. ಮಗ್ಗಿ, ಕಾಗುಣಿತ, ಉಕ್ತಲೇಖನವನ್ನು ಅವರಷ್ಟು ಗಟ್ಟಿಯಾಗಿ ಮಾಡಿಸುವವರು ಹೊಸಬರಲ್ಲಿ ಕಡಿಮೆ. ಹೊಸಬರನ್ನು ಅವರ ತರಗತಿಗೂ ಕಳಿಸಿ. ಮತ್ತು ದಯವಿಟ್ಟು ಚಟುವಟಿಕೆಯ ಫೋಟೋ ಕೇಳಬೇಡಿ. ಫೋಟೋ ಕೇಳಿದ ದಿನದಿಂದ ಪಾಠ ನಡೆಯುವುದು ಫೋಟೋಗೆ.

ಜೂನ್‌ನಲ್ಲಿ ಏನನ್ನೂ ಹಚ್ಚಿಕೊಳ್ಳಬೇಡಿ. ದಾಖಲಾತಿ, ಪುಸ್ತಕ, ಸಮವಸ್ತ್ರ ಮುಗಿಯಲಿ. ಜುಲೈನಲ್ಲಿ ಒಬ್ಬರೊಂದಿಗೆ, ಒಂದೇ ಪಾಠದಿಂದ ಶುರು ಮಾಡಿ. ತಡ ಮಾಡಿದರೆ ಮಕ್ಕಳ ಹಾಡು, ಭಾಷಣ, ಅಭಿನಯದ ಸ್ಪರ್ಧೆಗಳ ಪ್ರತಿಭಾ ಕಾರಂಜಿ ಬಂದುಬಿಡುತ್ತದೆ, ಆಮೇಲೆ ನಿಮ್ಮ ಕೈಗೆ ಯಾರೂ ಸಿಗುವುದಿಲ್ಲ.